‘ಸ್ವಲ್ಪ ಅಡ್ಜಸ್ಟ್ ಮಾಡಿ’ ನಡೆಯದ ಊರು: ಜರ್ಮನಿಗೆ ಹೊಸದಾಗಿ ಬರುವವರಿಗೆ

ಸ್ಟುಟ್‌ಗಾರ್ಟ್‌ಗೆ ಬಂದು ಆರು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಏಳೂವರೆಗೆ ಕಾಯಿಚಟ್ನಿಗೆಂದು ಮಿಕ್ಸಿ ತಿರುಗಿಸಿದೆ. ಚಟ್ನಿ ಇನ್ನೂ ತರಿತರಿಯಾಗಿರುವಾಗಲೇ ಕರೆಗಂಟೆಯ ಸದ್ದಾಯಿತು. ಬಾಗಿಲು ತೆರೆದರೆ ಕೆಳಮನೆಯ ಅಜ್ಜಿ. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಇವತ್ತು ಭಾನುವಾರ" ಎಂದಷ್ಟೇ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಮೆಟ್ಟಿಲಿಳಿದು ಹೋದರು. ಭಾನುವಾರದ ಶುಭಾಶಯ ಹೇಳಲು ಬಂದಿದ್ದರೆಂದು ಹಿಗ್ಗಿ ಮತ್ತೆ ಮಿಕ್ಸಿಗೆ ಮರಳಿದೆ. ಎರಡನೆಯ ಸಲ ಬಂದಾಗ ಅವರ ಕೈಯಲ್ಲಿ ಕಟ್ಟಡದ ನಿಯಮಾವಳಿಯ ಪ್ರತಿ ಇತ್ತು. ಅದರ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಎಳೆದಿತ್ತು.

ನಮ್ಮಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಸೈಟಿನ ಗಡಿಯವರೆಗೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಒಂದು ಮಾತಿನಲ್ಲಿ ಅರ್ಧ ಬದುಕು ಸಾಗುತ್ತದೆ. ಆ ಮಾತನ್ನು ಜರ್ಮನ್ ಭಾಷೆಯಲ್ಲಿ ಹೇಗೆ ಹೇಳುವುದೆಂದು ನನಗೆ ಇಂದಿಗೂ ಹೊಳೆದಿಲ್ಲ. ಇಲ್ಲಿ ನಿಯಮ ಎಲ್ಲೋ ಒಂದು ಕಾಗದದಲ್ಲಿರುತ್ತದೆ, ನೀವು ಅದನ್ನು ಓದಿಕೊಂಡೇ ಬಂದಿದ್ದೀರಿ ಎಂಬುದು ಎಲ್ಲರ ಲೆಕ್ಕ. ತಪ್ಪಿದಾಗ ಗುರುತಿಲ್ಲದವರೂ ಮುಖಕ್ಕೆ ನೇರವಾಗಿ ಹೇಳುತ್ತಾರೆ. ಹೇಳಿದ ಮೇಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಇದನ್ನು ಅವಮಾನವೆಂದು ಎಣಿಸಿ ನಾನು ಮೊದಲ ಚಳಿಗಾಲವಿಡೀ ಕೊರಗಿದೆ. ನಿಮಗೆ ಆ ಕೊರಗು ತಪ್ಪಲಿ ಎಂದು, ಯಾವುದು ಯಾವಾಗ ಎದುರಾಗುತ್ತದೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ಜರ್ಮನಿಯಲ್ಲಿ 16 ರಾಜ್ಯಗಳಿವೆ, ಸಣ್ಣಪುಟ್ಟ ನಿಯಮಗಳು ಊರಿಂದೂರಿಗೆ ಬದಲಾಗುತ್ತವೆ. ನಾನಿರುವುದು ನೈಋತ್ಯದ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ.

ಹೊರಡುವ ಮೊದಲು

ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗದಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ. ಕಚೇರಿ, ಬ್ಯಾಂಕು, ಆಸ್ಪತ್ರೆ, ಎಲ್ಲೆಡೆ ನಿಮ್ಮನ್ನು ಕರೆಯುವುದು ಆ ಹೆಸರಿನಿಂದ. ನಮ್ಮವರಲ್ಲಿ ಆ ಜಾಗಕ್ಕೆ ಊರಿನ ಹೆಸರೋ ಅಪ್ಪನ ಹೆಸರೋ ಬಂದು ಕೂತಿರುತ್ತದೆ. ಹಾಗಾಗಿ ದಂತವೈದ್ಯರಲ್ಲಿ "ಹೆರ್ ಹೊಳೆನರಸೀಪುರ", ಅಂದರೆ ಶ್ರೀ ಹೊಳೆನರಸೀಪುರ, ಎಂಬ ಕೂಗು ಕೇಳಿ ಇಡೀ ತಾಲ್ಲೂಕನ್ನೇ ಕರೆದಂತೆ ಅನಿಸಿದರೂ ಎದ್ದು ಹೋಗಬೇಕಾದವರು ನೀವೊಬ್ಬರೇ. ಗಂಡನ ಹೆಸರನ್ನು ತಮ್ಮ ಹೆಸರಿನ ಕೊನೆಗೆ ಸೇರಿಸಿಕೊಂಡ ಹೆಣ್ಣುಮಕ್ಕಳು ದಿನವಿಡೀ "ಫ್ರಾವ್ ಮಂಜುನಾಥ", ಅಂದರೆ ಶ್ರೀಮತಿ ಮಂಜುನಾಥ, ಆಗಿರುತ್ತಾರೆ. ಇಷ್ಟಕ್ಕೆ ನಕ್ಕು ಸುಮ್ಮನಾಗಬಹುದು. ಆದರೆ ಜನನ ಪ್ರಮಾಣಪತ್ರದಲ್ಲಿ ಒಂದು ಕಾಗುಣಿತ, ಮದುವೆಯ ಪ್ರಮಾಣಪತ್ರದಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಇದ್ದರೆ ಅದನ್ನು ಊರಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಇಲ್ಲಿ ಮಗು ಹುಟ್ಟಿದಾಗಲೋ ಕುಟುಂಬವನ್ನು ಕರೆಸಿಕೊಳ್ಳುವಾಗಲೋ ಆ ಒಂದಕ್ಷರ ತಿಂಗಳುಗಟ್ಟಲೆ ಓಡಾಡಿಸುತ್ತದೆ.

ಮಿಕ್ಸಿ ತರಬಹುದು. ಇಲ್ಲಿಯೂ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿನ ಮೂರು ಕಡ್ಡಿ ಮಾತ್ರ ಇಲ್ಲಿಯ ಸಾಕೆಟ್ಟಿಗೆ ಹೊಂದುವುದಿಲ್ಲ, ಹೆಚ್ಚು ಲೋಡ್ ತಡೆಯುವ ಅಡಾಪ್ಟರ್ ಬೇಕು. ಬೇಳೆ, ಸೋನಾ ಮಸೂರಿ, ಹುಣಸೆಹಣ್ಣು ಎಂದು ಪೆಟ್ಟಿಗೆಯ ತೂಕ ಹೆಚ್ಚಿಸಿಕೊಳ್ಳಬೇಡಿ. ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ಎಲ್ಲವೂ ಇದೆ. ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ, ಬದನೆಕಾಯಿಗೆ ಟರ್ಕಿಯವರ ತರಕಾರಿ ಅಂಗಡಿ, ಕರಿಬೇವಿಗೆ ಶ್ರೀಲಂಕಾ ತಮಿಳರ ಅಂಗಡಿ. ಉಪ್ಪಿಟ್ಟಿನ ರವೆ ಯಾವ ಸೂಪರ್‌ಮಾರ್ಕೆಟ್ಟಿನಲ್ಲಿಯೂ ‘ವೈಖ್‌ವೈಟ್ಸನ್‌ಗ್ರೀಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರ ಪಕ್ಕದಲ್ಲೇ ‘ಹಾರ್ಟ್‌ವೈಟ್ಸನ್’ ಎಂದು ಬರೆದ ಹಳದಿ ರವೆಯೂ ಇರುತ್ತದೆ, ಅದು ಪಾಸ್ತಾ ಮಾಡುವ ಗಟ್ಟಿ ಗೋಧಿಯದು. ಊರಿನಿಂದ ತರಲೇಬೇಕಾದದ್ದು ಸಾರಿನ ಪುಡಿ. ಅದಕ್ಕೆ ಇಲ್ಲಿ ಬದಲಿಯಿಲ್ಲ.

ಮೊದಲ ಎರಡು ವಾರ: ವಿಳಾಸದ ನೋಂದಣಿ

ಮನೆ ಹೊಕ್ಕ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ "ನಾನು ಇಲ್ಲಿ ವಾಸವಾಗಿದ್ದೇನೆ" ಎಂದು ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಜರ್ಮನರೂ ಮನೆ ಬದಲಿಸಿದಾಗಲೆಲ್ಲ ಇದನ್ನು ಮಾಡಲೇಬೇಕು. ಪಾಸ್‌ಪೋರ್ಟಿನ ಜತೆಗೆ ಮನೆಯ ಮಾಲೀಕರು ಸಹಿ ಹಾಕಿದ ಒಂದು ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಉಚ್ಚರಿಸಲು ಬಾರದಿದ್ದರೆ ಬರೆದುಕೊಂಡು ಹೋಗಿ ತೋರಿಸಿ. ಬಾಡಿಗೆ ಕರಾರಿನ ಪ್ರತಿ ಇದಕ್ಕೆ ಬದಲಿಯಾಗುವುದಿಲ್ಲ.

ಕಚೇರಿಗೆ ನೇರವಾಗಿ ಹೋಗಿ ಸಾಲಿನಲ್ಲಿ ನಿಂತರೆ ಕೆಲಸವಾಗುತ್ತದೆ ಎಂದುಕೊಳ್ಳಬೇಡಿ. ಮೊದಲೇ ‘ಟೆರ್ಮೀನ್’ ತೆಗೆದುಕೊಳ್ಳಬೇಕು. ದಿನ, ಗಂಟೆ, ನಿಮಿಷ ಗೊತ್ತುಮಾಡಿಕೊಂಡ ಭೇಟಿ ಅದು. ಕ್ಷೌರ, ವೈದ್ಯರು, ಬ್ಯಾಂಕು, ಮಗುವಿನ ಶಾಲೆ, ಯಾವುದಕ್ಕೂ ಟೆರ್ಮೀನ್ ಬೇಕು. ದೊಡ್ಡ ನಗರಗಳಲ್ಲಿ ನೋಂದಣಿಯ ಟೆರ್ಮೀನ್ ವಾರಗಟ್ಟಲೆ ಸಿಗದೆ ಇರುವುದುಂಟು. ಬೆಳಿಗ್ಗೆ ಬೇಗ ಜಾಲತಾಣ ತೆರೆದರೆ ಯಾರೋ ಬಿಟ್ಟುಕೊಟ್ಟ ಜಾಗ ಸಿಗಬಹುದು.

ನೋಂದಣಿಯ ಅರ್ಜಿಯಲ್ಲಿ ಧರ್ಮ ಯಾವುದೆಂಬ ಪ್ರಶ್ನೆಯಿರುತ್ತದೆ. ಇದು ತೆರಿಗೆಗಾಗಿ. ಇಲ್ಲಿಯ ಚರ್ಚುಗಳ ಸದಸ್ಯರಿಂದ ಸರಕಾರವೇ ಚರ್ಚಿನ ಪರವಾಗಿ ತೆರಿಗೆ ವಸೂಲಿ ಮಾಡಿಕೊಡುತ್ತದೆ. ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ ಅದು ಆದಾಯ ತೆರಿಗೆಯ ಮೇಲೆ ಶೇ 8, ಉಳಿದೆಡೆ ಶೇ 9. ಮಂಗಳೂರಿನ ಕ್ಯಾಥೊಲಿಕ್ ಗೆಳೆಯರು ಇದನ್ನು ತಿಳಿದುಕೊಂಡೇ ಆ ಅಂಕಣ ತುಂಬಲಿ. ಸಂಬಳದ ಚೀಟಿ ಬಂದ ಮೇಲೆ ಗಾಬರಿಯಾಗುವುದು ಬೇಡ.

ಕೆಲವು ವಾರಗಳಲ್ಲಿ ಅಂಚೆಯಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಬರುತ್ತದೆ. ಆದರೆ ಅದಕ್ಕೂ ಮೊದಲು ಒಂದು ಸಣ್ಣ ಕೆಲಸವಿದೆ. ಅಂಚೆಪೆಟ್ಟಿಗೆ ಮತ್ತು ಕರೆಗಂಟೆಯ ಗುಂಡಿಯ ಪಕ್ಕ ನಿಮ್ಮ ಹೆಸರು ಅಂಟಿಸಬೇಕು. ಇಲ್ಲಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದೇ ಇಲ್ಲ. ಅಂಚೆಯವರು ನೋಡುವುದು ಹೆಸರನ್ನು ಮಾತ್ರ. ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ಮರಳುತ್ತದೆ. ಬ್ಯಾಂಕ್ ಕಾರ್ಡು, ಅದರ ಪಿನ್, ವಿಮೆಯ ಕಾಗದ ಎಲ್ಲವೂ ಅಂಚೆಯಲ್ಲೇ ಬರುವ ದೇಶದಲ್ಲಿ ಒಂದು ತುಂಡು ಕಾಗದಕ್ಕೆ ಇರುವ ಬೆಲೆ ಅಷ್ಟಿಷ್ಟಲ್ಲ.

ಹಾಗೆ ಬರುವ ಪತ್ರಗಳಲ್ಲಿ ಒಂದು ರುಂಡ್‌ಫುಂಕ್‌ಬೈಟ್ರಾಗ್, ಅಂದರೆ ಸಾರ್ವಜನಿಕ ರೇಡಿಯೊ-ಟಿವಿಯ ಶುಲ್ಕ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. "ನಮ್ಮಲ್ಲಿ ಟಿವಿಯೇ ಇಲ್ಲ" ಎಂಬ ವಾದ 2013ರಿಂದ ನಡೆಯುವುದಿಲ್ಲ. ಇದು ಮೋಸದ ಪತ್ರವೆಂದು ಹರಿದು ಹಾಕಿದವರನ್ನು ಬಲ್ಲೆ, ಕೊನೆಗೆ ಬಾಕಿ ಸೇರಿಸಿ ಕಟ್ಟಿದರು. ನಾಲ್ವರು ಸೇರಿ ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು.

ಬಾಡಿಗೆ ಮನೆಯೊಳಗೆ

‘ಮೂರು ಕೋಣೆಯ ಮನೆ’ ಎಂದರೆ ನಮ್ಮ 2 ಬಿಎಚ್‌ಕೆ. ಹಜಾರವನ್ನೂ ಕೋಣೆಯೆಂದೇ ಎಣಿಸುತ್ತಾರೆ. ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿದ್ದರೆ ಬರೀ ಬಾಡಿಗೆ, ‘ವಾರ್ಮ್’ ಎಂದಿದ್ದರೆ ನಿರ್ವಹಣೆಯ ಖರ್ಚೂ ಸಾಮಾನ್ಯವಾಗಿ ಹೀಟರಿನ ಖರ್ಚೂ ಸೇರಿದ ಬಾಡಿಗೆ. ಮುಂಗಡ ಕಾಲ್ಟ್ ಬಾಡಿಗೆಯ ಮೂರರಷ್ಟನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಕಾನೂನಿನಲ್ಲಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು ಬಂದವರಿಗೆ ಇದು ಹಬ್ಬ.

ಹಬ್ಬ ಅಲ್ಲಿಗೇ ಮುಗಿಯುತ್ತದೆ. ಬೀಗ ತೆರೆದು ಒಳಗೆ ಹೋದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಜಾಗವಿರುತ್ತದೆ, ನೀರಿನ ಕೊಳವೆಯ ಬಾಯಿ ಗೋಡೆಯಿಂದ ಇಣುಕುತ್ತಿರುತ್ತದೆ, ಅಷ್ಟೇ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಹಿಂದಿನ ಬಾಡಿಗೆದಾರರು ಕಿತ್ತುಕೊಂಡು ಹೋಗಿರುತ್ತಾರೆ, ಏಕೆಂದರೆ ಅವು ಅವರವೇ. ದೀಪಗಳನ್ನೂ ಬಿಡುವುದಿಲ್ಲ. ಚಾವಣಿಯಿಂದ ಎರಡು ಮೂರು ತಂತಿ ಜೋಲುತ್ತಿರುತ್ತವೆ. ಹಾಗಾಗಿ ಮನೆ ನೋಡುವಾಗಲೇ ಅಡುಗೆಮನೆಯ ಸಾಮಾನು ಇರುತ್ತದೆಯೇ ಎಂದು ಕೇಳಿ, ಹಿಂದಿನವರು ಮಾರುವುದಿದ್ದರೆ ಬೆಲೆ ಮಾತಾಡಿ. ಹೋಗುವ ದಿನ ಸಂಜೆಯೇ ಮನೆ ಹೊಗಬೇಡಿ, ಕತ್ತಲಲ್ಲಿ ಕೂರಬೇಕಾದೀತು.

ಮಲಗುವ ಕೋಣೆಗಳಲ್ಲಿಯೂ ಮನೆಯೊಳಗಿನ ಓಣಿಯಲ್ಲಿಯೂ ಹೊಗೆ ಪತ್ತೆ ಮಾಡುವ ಗುಂಡನೆಯ ಬಿಳಿ ಡಬ್ಬಿ ಇರುತ್ತದೆ, ಕಾನೂನಿನ ಪ್ರಕಾರ ಇರಲೇಬೇಕು. ಒಣಮೆಣಸಿನಕಾಯಿಯ ಒಗ್ಗರಣೆಗೂ ಮನೆಗೆ ಬೆಂಕಿ ಬಿದ್ದದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಒಗ್ಗರಣೆ ಹಾಕುವ ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ.

ಕಿಟಕಿಯ ವಿಷಯ ಇಲ್ಲಿ ಧರ್ಮಸೂಕ್ಷ್ಮ. ಚಳಿಗಾಲದಲ್ಲಿಯೂ ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಐದು-ಹತ್ತು ನಿಮಿಷ ಪೂರ್ತಿ ತೆರೆದು ಮನೆಗೆ ಗಾಳಿ ಆಡಿಸಬೇಕು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಒಳಗೆ ದುಡ್ಡು ಕೊಟ್ಟು ಹೀಟರ್ ಹಾಕಿದ್ದೀರಿ, ಇದ್ಯಾವ ಹುಚ್ಚು ಎನಿಸುತ್ತದೆ. ಕಾರಣ ಸರಳವಾಗಿದೆ. ಇಲ್ಲಿಯ ಮನೆಗಳು ಗಾಳಿಯಾಡದಷ್ಟು ಬಿಗಿ. ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ, ಎಲ್ಲವೂ ತಣ್ಣಗಿನ ಗೋಡೆಯ ಮೂಲೆಗಳಲ್ಲಿ ನೀರಾಗಿ ಕೂತು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಆ ಕಪ್ಪು ಕಲೆಯ ಬೆಲೆ ಮುಂಗಡದಿಂದ ಕಳೆಯಬಹುದು. ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದು ಇದಕ್ಕೆ ಪರಿಹಾರವಲ್ಲ, ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಬೇಗ ಬರುತ್ತದೆ.

ಇನ್ನೊಂದು ಮಾತು. ‘ಹಾಫ್ಟ್‌ಪ್ಫ್ಲಿಖ್ಟ್’ ಎಂಬ ಹೊಣೆಗಾರಿಕೆಯ ವಿಮೆಯನ್ನು ಮೊದಲ ತಿಂಗಳೇ ಮಾಡಿಸಿ. ನಿಮ್ಮಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಇಲ್ಲಿ ಮಿತಿಯಿಲ್ಲದ ಹೊಣೆ ನಿಮ್ಮದೇ. ಕಟ್ಟಡದ ಬೀಗದ ಕೈ ಕಳೆದರೆ ಇಡೀ ಕಟ್ಟಡದ ಬೀಗಗಳನ್ನು ಬದಲಿಸಬೇಕಾಗಿ ಬರಬಹುದು. ಕೀಲಿಕೈ ಕಳೆದದ್ದಕ್ಕೂ ಸೇರಿಸಿ ವಿಮೆ ಕೇಳಿ ಪಡೆಯಿರಿ. ಬಾಗಿಲು ಹೊರಗಿನಿಂದ ಎಳೆದರೆ ತಾನೇ ಮುಚ್ಚಿಕೊಳ್ಳುತ್ತದೆ, ಕೀಲಿಕೈ ಇಲ್ಲದೆ ಮತ್ತೆ ತೆರೆಯುವುದಿಲ್ಲ ಎಂಬುದೂ ನೆನಪಿರಲಿ. ಹಾಲು ತರಲು ಕೀಲಿಕೈ ಇಲ್ಲದೆ ಹೊರಗೆ ಹೆಜ್ಜೆಯಿಟ್ಟರೆ, ಬೀಗ ತೆರೆಯುವವನ ಬೆಲೆಯಲ್ಲಿ ಒಂದು ಹಸು ಬರುತ್ತದೆ ಎಂದು ನಾವು ತಮಾಷೆ ಮಾಡುವುದುಂಟು.

ಶನಿವಾರ ಸಂಜೆಯೊಳಗೆ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕೆಲವು ಮುಚ್ಚಿರುತ್ತವೆ ಎಂದಲ್ಲ, ಊರಿಗೆ ಊರೇ ಮುಚ್ಚಿರುತ್ತದೆ. 1919ರ ವೈಮರ್ ಸಂವಿಧಾನದಲ್ಲಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸುವ ವಿಧಿಯೊಂದಿತ್ತು, ಇಂದಿನ ಸಂವಿಧಾನವೂ ಅದನ್ನು ಹಾಗೆಯೇ ಒಳಗೆ ಸೇರಿಸಿಕೊಂಡಿದೆ. ದೊಡ್ಡ ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕು, ಕೆಲವು ಗಂಟೆ ತೆರೆದಿರುವ ಬೇಕರಿ, ಇಷ್ಟೇ ಗತಿ. ಶುಕ್ರವಾರ ಅಥವಾ ಸೋಮವಾರ ರಜೆ ಬಂದರಂತೂ ಲೆಕ್ಕ ಹಾಕಿ ಹಾಲು ಮೊಸರು ತಂದಿಡಬೇಕು.

ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುವಾಗ 19 ಸೆಂಟ್ ಎಂದು ಬರೆದಿದ್ದರೂ ಬಿಲ್ಲಿನಲ್ಲಿ 44 ಸೆಂಟ್ ಬರುತ್ತದೆ. ಹೆಚ್ಚಿನ 25 ಸೆಂಟ್ ‘ಪ್ಫಾಂಡ್’, ಬಾಟಲಿಯ ಠೇವಣಿ. ಒಂದೇ ಸಲ ಬಳಸುವ ಬಾಟಲಿ ಮತ್ತು ಡಬ್ಬಿಗಳಿಗೆ 2003ರಿಂದ ಇದು ಇದೆ. ಮತ್ತೆ ತುಂಬಿಸಿ ಬಳಸುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್, ಇತರ ಹಲವು ಬಾಟಲಿಗಳಿಗೆ 15. ಖಾಲಿ ಬಾಟಲಿಗಳನ್ನು ಸೂಪರ್‌ಮಾರ್ಕೆಟ್ಟಿನ ಬಾಗಿಲ ಬಳಿಯ ಯಂತ್ರದ ದುಂಡನೆಯ ಬಾಯಿಗೆ ಒಂದೊಂದಾಗಿ ಕೊಟ್ಟರೆ ಅದು ನುಂಗಿ ಚೀಟಿ ಕೊಡುತ್ತದೆ. ಆ ಚೀಟಿಯನ್ನು ಗಲ್ಲಾದಲ್ಲಿ ಕೊಟ್ಟರೆ ಹಣ. ಬಾಟಲಿಯನ್ನು ಜಜ್ಜಬೇಡಿ, ಮೇಲಿನ ಚೀಟಿ ಹರಿಯಬೇಡಿ, ಯಂತ್ರ ಗುರುತಿಸದೆ ಉಗುಳುತ್ತದೆ. ರಸ್ತೆಯಲ್ಲಿ ಕಸದ ಬುಟ್ಟಿಯ ಪಕ್ಕ ಬಾಟಲಿಗಳನ್ನು ಜೋಡಿಸಿಟ್ಟದ್ದು ಕಂಡರೆ ಅದು ಅಶಿಸ್ತಲ್ಲ. ಬಾಟಲಿ ಆರಿಸಿ ಬದುಕುವವರು ಬುಟ್ಟಿಯೊಳಗೆ ಕೈ ಹಾಕದಿರಲಿ ಎಂದು ಹಾಗೆ ಇಡುತ್ತಾರೆ.

ನಿಜ ಹೇಳಬೇಕೆಂದರೆ ನೀರಿನ ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ, ನಲ್ಲಿಯ ನೀರು ಕುಡಿಯಲು ಯೋಗ್ಯ. ಹೋಟೆಲಿನಲ್ಲಿ ಮಾತ್ರ ಕೂತ ಕೂಡಲೇ ನೀರು ತಂದಿಡುವ ಪದ್ಧತಿಯಿಲ್ಲ, ಕೇಳಿದರೆ ಬರುವುದು ಗುಳ್ಳೆಯೇಳುವ ಸೋಡಾ, ಅದಕ್ಕೂ ದುಡ್ಡು. ‘ಶ್ಟಿಲ್’ ಎಂದು ಕೇಳಿದರೆ ಸಾದಾ ನೀರು. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ. ಬಿಲ್ಲು 18.50 ಆದರೆ ಹಣ ಕೊಡುವಾಗಲೇ "ಇಪ್ಪತ್ತು" ಎಂದರೆ ಮುಗಿಯಿತು. ಸಣ್ಣ ಅಂಗಡಿ, ಬೇಕರಿಗಳಲ್ಲಿ ಇನ್ನೂ ನಗದೇ ನಡೆಯುತ್ತದೆ. ತಳ್ಳುಗಾಡಿಯಲ್ಲೂ ಮೊಬೈಲ್ ತೋರಿಸಿ ಸೊಪ್ಪು ಕೊಂಡವರು ಇಲ್ಲಿ ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಂಡು ಓಡಾಡಬೇಕು.

ಕಸ

ಕಾಗದಕ್ಕೆ ಒಂದು ಡಬ್ಬಿ, ಪ್ಯಾಕಿಂಗಿನ ಪ್ಲಾಸ್ಟಿಕ್ಕು-ತಗಡಿಗೆ ಹಳದಿ ಚೀಲ ಅಥವಾ ಡಬ್ಬಿ, ತರಕಾರಿ ಸಿಪ್ಪೆಗೆ ‘ಬಿಯೊ’, ಉಳಿದ ದರಿದ್ರಕ್ಕೆಲ್ಲ ‘ರೆಸ್ಟ್‌ಮ್ಯೂಲ್’. ಡಬ್ಬಿಗಳ ಬಣ್ಣ ಊರಿಂದೂರಿಗೆ ಬೇರೆಯಾಗಬಹುದು, ಮೇಲೆ ಬರೆದದ್ದನ್ನು ಓದಿ. ಠೇವಣಿಯಿಲ್ಲದ ಗಾಜಿನ ಸೀಸೆಗಳನ್ನು ಬೀದಿಯ ದೊಡ್ಡ ಪೆಟ್ಟಿಗೆಗಳಿಗೆ ಬಿಳಿ, ಹಸಿರು, ಕಂದು ಎಂದು ಬಣ್ಣ ನೋಡಿ ಹಾಕಬೇಕು. ನೀಲಿ ಸೀಸೆ ಸಿಕ್ಕಿದರೆ ಹಸಿರಿಗೆ ಹಾಕಿ. ರಾತ್ರಿ ಮತ್ತು ಭಾನುವಾರ ಅಲ್ಲಿ ಗಾಜು ಹಾಕುವಂತಿಲ್ಲ, ಸದ್ದಾಗುತ್ತದೆ. ಬ್ಯಾಟರಿಗಳನ್ನು ಅವನ್ನು ಮಾರುವ ಅಂಗಡಿಗಳೇ ಹಿಂದಕ್ಕೆ ತೆಗೆದುಕೊಳ್ಳುತ್ತವೆ. ಇನ್ನೂ ಬಳಸಬಹುದಾದ ತಟ್ಟೆ, ಪುಸ್ತಕ, ಆಟಿಕೆಗಳನ್ನು ಪೆಟ್ಟಿಗೆಯಲ್ಲಿಟ್ಟು ‘ಸು ಫೆರ್‌ಶೆಂಕನ್’, ಅಂದರೆ ‘ಯಾರು ಬೇಕಾದರೂ ಒಯ್ಯಿರಿ’ ಎಂದು ಬರೆದು ಮನೆಯೆದುರು ಇಡುತ್ತಾರೆ. ನಮ್ಮ ಮನೆಯ ಅರ್ಧ ಪಾತ್ರೆಗಳು ಹಾಗೆ ಬಂದವು, ಸಂಕೋಚ ಬೇಡ.

ಬಾಗಿಲಿಗೆ ತೂಗುಬಿದ್ದ ಹಲಗೆ: ಕೇರ್‌ವೊಖ

ಒಂದು ದಿನ ಕೆಲಸದಿಂದ ಬಂದಾಗ ನಮ್ಮ ಬಾಗಿಲ ಹಿಡಿಗೆ ಅಂಗೈಯಗಲದ ಒಂದು ಹಲಗೆ ನೇತಾಡುತ್ತಿತ್ತು. ಅದರ ಮೇಲೆ ಒಂದೇ ಪದ: ಕೇರ್‌ವೊಖ. ಗುಡಿಸುವ ವಾರ ಎಂದರ್ಥ. ವ್ಯೂರ್ಟೆಂಬೆರ್ಗ್ ಭಾಗದ ಶ್ವಾಬ್ ಜನರ ಆಚಾರವಿದು. ಕಟ್ಟಡದ ಮೆಟ್ಟಿಲು, ಪಡಸಾಲೆ, ಮುಂದಿನ ಕಾಲುದಾರಿಗಳನ್ನು ಮನೆಯವರೆಲ್ಲ ಸರದಿಯ ಮೇಲೆ ಗುಡಿಸಿ ಒರೆಸುತ್ತಾರೆ. ನಿಮ್ಮ ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಮನೆಯ ಬಾಗಿಲಿಗೆ ಸಿಕ್ಕಿಸಬೇಕು. 1492ರ ಸ್ಟುಟ್‌ಗಾರ್ಟ್ ನಗರದ ಕಟ್ಟಳೆಯಲ್ಲೇ ಪ್ರತಿಯೊಬ್ಬರೂ ತಮ್ಮ ಮನೆಯ ತಿಪ್ಪೆಯನ್ನು ವಾರಕ್ಕೊಮ್ಮೆ ಹೊರಗೆ ಸಾಗಿಸಬೇಕೆಂಬ ಮಾತಿದೆ. ನಗರಸಭೆ ತನ್ನ ಗುಡಿಸುವ ನಿಯಮವನ್ನು 1988ರಲ್ಲಿ ಕೈಬಿಟ್ಟರೂ ಬಾಡಿಗೆ ಕರಾರುಗಳು ಬಿಟ್ಟಿಲ್ಲ. ಕರಾರಿನಲ್ಲಿದ್ದರೆ ಅದು ನಿಮ್ಮ ಕೆಲಸ.

ನಾನು ಎಂಜಿನಿಯರ್, ಮೆಟ್ಟಿಲು ಗುಡಿಸುವುದೇ ಎಂಬ ಬಿಂಕ ಮೊದಲ ದಿನ ಕಾಡಿತ್ತು. ಬೆಳಿಗ್ಗೆ ನೋಡಿದರೆ ಮೇಲಿನ ಮನೆಯ ಶಸ್ತ್ರವೈದ್ಯರು ಬಕೆಟ್ಟು ಹಿಡಿದು ತಮ್ಮ ಅಂತಸ್ತಿನ ಮೆಟ್ಟಿಲು ಒರೆಸುತ್ತಿದ್ದರು. ನಾನು ಮೊದಲ ಸಲ ಮಾಡಿದ್ದೂ ತಪ್ಪಾಯಿತು. ಊರಿನಲ್ಲಿ ಅಮ್ಮ ಅಂಗಳ ತೊಳೆಯುವಂತೆ ಬಕೆಟ್ಟಿನಿಂದ ನೀರು ಸುರಿದೆ. ಮರದ ಮೆಟ್ಟಿಲಿಗೆ ನೀರು ಸುರಿಯಬಾರದು, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು ಎಂದು ಕೆಳಮನೆಯ ಅಜ್ಜಿ ಬಂದು ಮಾಡಿ ತೋರಿಸಿದರು. ಮೇಲಿನಿಂದ ಕೆಳಕ್ಕೆ, ಮೂಲೆಗಳಿಂದ ನಡುವಿಗೆ, ಕೊನೆಗೆ ಕೈಹಿಡಿಕೆಯ ಧೂಳು. ಪೊರಕೆಯ ಹಿಡಿಯ ಉದ್ದವೂ ಸರಿಯಿಲ್ಲವೆಂದು ತಮ್ಮದನ್ನೇ ಕೊಟ್ಟರು. ಹಲಗೆ ಸಿಕ್ಕಿಸುವ ಮೊದಲು ಒಮ್ಮೆ ಹಿಂದಿರುಗಿ ನೋಡಿ "ಪಾಸ್ಟ್" ಎಂದರು. ಪರವಾಗಿಲ್ಲ, ಸರಿಯಿದೆ ಎಂದರ್ಥ. ಈ ಭಾಗದಲ್ಲಿ ಇದಕ್ಕಿಂತ ಹೆಚ್ಚಿನ ಹೊಗಳಿಕೆಯನ್ನು ನಿರೀಕ್ಷಿಸಬೇಡಿ.

ಚಳಿಗಾಲದಲ್ಲಿ ಈ ಸರದಿಗೆ ಹಿಮ ತೆಗೆಯುವುದೂ ಸೇರುತ್ತದೆ. ಕೆಲಸದ ದಿನ ಬೆಳಿಗ್ಗೆ ಸುಮಾರು 7ರ ಹೊತ್ತಿಗೆ ಮುಂದಿನ ಕಾಲುದಾರಿ ಸ್ವಚ್ಛವಾಗಿರಬೇಕು. ನಿಮ್ಮ ವಾರದಲ್ಲಿ ಯಾರಾದರೂ ಜಾರಿಬಿದ್ದರೆ ಹೊಣೆ ನಿಮ್ಮ ತಲೆಗೆ ಬರಬಹುದು. ಊರಿಗೆ ಹೋಗುವುದಿದ್ದರೆ ಸರದಿಯನ್ನು ನೆರೆಯವರೊಡನೆ ಮೊದಲೇ ಅದಲುಬದಲು ಮಾಡಿಕೊಳ್ಳಿ. ಇಷ್ಟು ಹೊತ್ತು ಅಡ್ಜಸ್ಟ್ ಎಂಬುದೇ ಇಲ್ಲವೆಂದೆನಲ್ಲ, ಮುಂಚಿತವಾಗಿ ಕೇಳಿದರೆ ಇದೆ. ತಪ್ಪಿದ ಮೇಲೆ ಕೇಳಿದರೆ ಇಲ್ಲ.

ಸದ್ದಿನ ನಿಯಮವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಾಂತಿ, ಭಾನುವಾರ ಮತ್ತು ಹಬ್ಬದ ದಿನ ಇಡೀ ದಿನ. ಗೋಡೆಗೆ ಮೊಳೆ, ಡ್ರಿಲ್ಲು, ಹುಲ್ಲು ಕತ್ತರಿಸುವ ಯಂತ್ರ ಭಾನುವಾರ ಕೂಡದು. ದೋಸೆಗೆ ಶನಿವಾರ ಮಧ್ಯಾಹ್ನವೇ ರುಬ್ಬಿಟ್ಟುಕೊಳ್ಳಿ. ಚಳಿಗೆ ಹಿಟ್ಟು ಹುದುಗು ಬರದಿದ್ದರೆ ಓವನ್ನಿನೊಳಗಿಟ್ಟು ಅದರ ದೀಪ ಮಾತ್ರ ಹಾಕಿಡಿ, ಬೆಳಿಗ್ಗೆ ಪಾತ್ರೆಯಿಂದ ಉಕ್ಕಿರುತ್ತದೆ. ಮನೆಯಲ್ಲಿ ಹುಟ್ಟುಹಬ್ಬವೋ ಗಣೇಶನ ಪೂಜೆಯೋ ಇದ್ದರೆ ಎರಡು ದಿನ ಮೊದಲೇ ಕೆಳಬಾಗಿಲಿಗೆ ಒಂದು ಚೀಟಿ ಅಂಟಿಸಿ. ಹೆಚ್ಚಿನವರು ಏನೂ ಅನ್ನುವುದಿಲ್ಲ. ಪ್ರೆಶರ್ ಕುಕ್ಕರಿನ ಸೀಟಿ ಕೇಳಿ ಪಕ್ಕದ ಮನೆಯವರು ಗಾಬರಿಯಾಗಿ ಬಂದದ್ದೂ ಉಂಟು, ಅವರಿಗೊಮ್ಮೆ ಕುಕ್ಕರ್ ತೋರಿಸಿಬಿಡಿ.

ಗಂಟೆ, ಅಂಕಿ, ನೀನು, ನೀವು

‘ಹಾಲ್ಬ್ ದ್ರೈ’ ಎಂದರೆ ಅಕ್ಷರಶಃ ‘ಅರ್ಧ ಮೂರು’. ಮೂರೂವರೆ ಎಂದುಕೊಂಡರೆ ಕೆಟ್ಟಿರಿ, ಅದು ಎರಡೂವರೆ. ಮೂರನೆಯ ಗಂಟೆಯ ಅರ್ಧ ಆಯಿತು ಎಂಬ ಲೆಕ್ಕ. ಶ್ವಾಬ್ ಜನ ಇನ್ನೂ ಮುಂದೆ ಹೋಗಿ ‘ಕಾಲು ಮೂರು’ ಎಂದರೆ 2.15, ‘ಮುಕ್ಕಾಲು ಮೂರು’ ಎಂದರೆ 2.45. ನಾನು ಒಬ್ಬರ ಮನೆಗೆ ಒಂದು ಗಂಟೆ ತಡವಾಗಿ ಹೋದದ್ದು ಹೀಗೆ, ಕೇಕು ಅಷ್ಟರಲ್ಲಿ ಮುಗಿದಿತ್ತು. ಅಂಕಿಗಳೂ ತಿರುಗುಮುರುಗು: 25 ಎಂಬುದನ್ನು ‘ಐದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಸಂಸ್ಕೃತದ ಪಂಚವಿಂಶತಿಯನ್ನು ನೆನೆದುಕೊಂಡರೆ ಸುಲಭ, ಆದರೆ ಫೋನಿನಲ್ಲಿ ಯಾರಾದರೂ ಸಂಖ್ಯೆ ಹೇಳುವಾಗ ಆ ಸಮಾಧಾನ ಉಪಯೋಗಕ್ಕೆ ಬರುವುದಿಲ್ಲ. ಒಂದೊಂದೇ ಅಂಕಿ ಹೇಳಲು ಕೇಳಿ. ಬರೆಯುವಾಗ ಅಲ್ಪವಿರಾಮ ದಶಾಂಶಕ್ಕೆ, ಚುಕ್ಕಿ ಸಾವಿರಕ್ಕೆ. 1.250 ಎಂದರೆ ಸಾವಿರದ ಇನ್ನೂರೈವತ್ತು.

ಭಾಷೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ‘ದು’ ಎಂದರೆ ನೀನು, ‘ಝೀ’ ಎಂದರೆ ನೀವು. ಇಂಗ್ಲಿಷ್ ಮಾತಾಡುವವರು ಇದರಲ್ಲಿ ವರ್ಷಗಟ್ಟಲೆ ಎಡವುತ್ತಾರೆ. ನಮಗೆ ಹುಟ್ಟಿನಿಂದ ಗೊತ್ತು. ಅಪರಿಚಿತರಿಗೆ, ಅಂಗಡಿಯವರಿಗೆ, ಪೊಲೀಸರಿಗೆ ನೀವು. ಮಕ್ಕಳಿಗೆ, ಗೆಳೆಯರಿಗೆ ನೀನು. ವ್ಯತ್ಯಾಸ ಒಂದೇ: ನಮ್ಮಲ್ಲಿ ಹಿರಿಯರಿಗೆ ಎಷ್ಟು ವರ್ಷ ಕಳೆದರೂ ನೀವು. ಇಲ್ಲಿ ಹಿರಿಯರೇ ಒಂದು ದಿನ "ನೀನು ಎನ್ನೋಣವೇ?" ಎಂದು ಕೇಳುತ್ತಾರೆ, ಅದು ದೊಡ್ಡ ಮನ್ನಣೆ. ಬೇಡವೆನ್ನಬಾರದು. ಕಚೇರಿಯಲ್ಲಿ ಅಪ್ಪನ ವಯಸ್ಸಿನ ಮ್ಯಾನೇಜರ್‌ಗೆ ‘ದು’ ಎನ್ನಲು ನನ್ನ ನಾಲಗೆ ಮೂರು ತಿಂಗಳು ತಡವರಿಸಿತು.

ಬೀದಿಯಲ್ಲಿ

ಕಾಲ್ನಡಿಗೆಯ ಸಿಗ್ನಲ್ ಕೆಂಪಾಗಿದ್ದರೆ ರಸ್ತೆ ಖಾಲಿಯಿದ್ದರೂ ನಿಲ್ಲಿ, ಪಕ್ಕದಲ್ಲಿ ಮಕ್ಕಳಿದ್ದರಂತೂ ದಾಟಲೇಬೇಡಿ. ದಂಡ 5 ಯೂರೊ ಮಾತ್ರ, ಮಗುವಿನ ತಾಯಿಯ ನೋಟ ಅದಕ್ಕಿಂತ ದುಬಾರಿ. ಪಾದಚಾರಿ ಹಾದಿಯ ಪಕ್ಕದಲ್ಲಿ ಎಷ್ಟೋ ಕಡೆ ಕೆಂಪು ಬಣ್ಣದ ಪಟ್ಟಿ ಸೈಕಲ್ಲಿನದು, ಅದರ ಮೇಲೆ ನಿಂತು ಫೋನು ನೋಡುವುದು ಬೇಡ.

ರೈಲು, ಮೆಟ್ರೊಗಳಲ್ಲಿ ಗೇಟುಗಳಿಲ್ಲ, ಯಾರೂ ತಡೆಯುವುದಿಲ್ಲ. ಸಾದಾ ಉಡುಪಿನ ತಪಾಸಣೆಯವರು ಎಂದೋ ಒಂದು ದಿನ ಎದ್ದು ನಿಲ್ಲುತ್ತಾರೆ, ಟಿಕೆಟ್ ಇಲ್ಲದಿದ್ದರೆ 60 ಯೂರೊ. ದೇಶದ ಎಲ್ಲ ಸ್ಥಳೀಯ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಿಗೆ ಒಂದೇ ತಿಂಗಳ ಪಾಸು ಇದೆ, ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾಗಿ, 2025ರಲ್ಲಿ 58 ಆಗಿ, 2026ರಿಂದ 63 ಆಗಿದೆ. ದೂರದ ವೇಗದ ರೈಲಿಗೆ ಇದು ನಡೆಯುವುದಿಲ್ಲ. ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಎಂದು ಊರಿನಲ್ಲಿ ಕೇಳಿದ್ದನ್ನು ಮರೆತುಬಿಡಿ. ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅಂಕಿ ಅಂಶದಲ್ಲಿ ಅದನ್ನು ತಡವೆಂದೇ ಎಣಿಸುವುದಿಲ್ಲ, ಅಷ್ಟಾದರೂ ದೂರದ ರೈಲುಗಳು ತಡವಾಗುವುದು ಮಾಮೂಲು. ಅಂಥ ಪ್ರಯಾಣದಲ್ಲಿ 60 ನಿಮಿಷ ತಡವಾದರೆ ಟಿಕೆಟ್ಟಿನ ಕಾಲುಭಾಗ, 120 ನಿಮಿಷಕ್ಕೆ ಅರ್ಧ ಹಣ ಮರಳಿ ಕೇಳಬಹುದು. ಕಾರು ಓಡಿಸುವವರು ಗಮನಿಸಿ: ನಮ್ಮ ಲೈಸೆನ್ಸು ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ. ಆಮೇಲೆ ಬರಹದ ಪರೀಕ್ಷೆ, ಚಾಲನೆಯ ಪರೀಕ್ಷೆ ಎರಡೂ.

ಜನರ ನಡುವೆ

ವೈದ್ಯರ ಕಾಯುವ ಕೋಣೆಗೆ ಹೊಕ್ಕಾಗ ಕೂತಿರುವವರಿಗೆಲ್ಲ ಸೇರಿಸಿ ಒಂದು ನಮಸ್ಕಾರ ಹೇಳಬೇಕು, ಹೊರಡುವಾಗಲೂ. ರೈಲಿನಲ್ಲಿ ಪಕ್ಕದವರಿಗೆ ಊರು ಯಾವುದು, ಸಂಬಳ ಎಷ್ಟು ಎಂದು ಕೇಳುವಂತಿಲ್ಲ. ಎಲ್ಲಿ ಮಾತಾಡಬೇಕು ಎಲ್ಲಿ ಆಡಬಾರದು ಎಂಬುದು ನಮಗಿಂತ ತಿರುಗುಮುರುಗು.

ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭ ಕೋರಿದರೆ ಅಪಶಕುನ, ನಗುತ್ತಲೇ ಆದರೂ ಜನ ಮುಖ ಸಿಂಡರಿಸುತ್ತಾರೆ. ಕಚೇರಿಯಲ್ಲಿ ಕೇಕು ತರುವುದು ಹುಟ್ಟುಹಬ್ಬದವರದೇ ಕೆಲಸ. ನಿಮ್ಮ ಸರದಿ ಬಂದಾಗ ಮೈಸೂರು ಪಾಕು ಒಯ್ಯಿರಿ, "ತುಂಬಾ ಸಿಹಿ" ಎಂದು ನೇರವಾಗಿ ಹೇಳಿಯೇ ಎರಡನೆಯದಕ್ಕೆ ಕೈ ಹಾಕುತ್ತಾರೆ. ಇನ್ನೊಬ್ಬರ ಮನೆಗೆ ಹೋದಾಗ ಪಾದರಕ್ಷೆ ಬಿಡಬೇಕೇ ಎಂದು ಕೇಳಿ, ಹೆಚ್ಚಿನವರು ಬಿಡಿ ಎನ್ನುತ್ತಾರೆ. ಊಟಕ್ಕೆ ಕರೆದವರು "ಇನ್ನೂ ಬೇಕೇ?" ಎಂದು ಒಂದೇ ಸಲ ಕೇಳುತ್ತಾರೆ. ಮೂರು ಸಲ ಬಲವಂತ ಮಾಡಲಿ ಎಂದು ಮೊದಲ ಸಲ ಬೇಡವೆಂದಿರೋ, ತಟ್ಟೆ ಎತ್ತಿಕೊಂಡು ಹೋಗುತ್ತಾರೆ.

ಗೆಳೆಯರು ಸೌನಾ ಎಂಬ ಬಿಸಿ ಹಬೆಯ ಸ್ನಾನಕ್ಕೆ ಕರೆದರೆ ಒಪ್ಪುವ ಮೊದಲು ತಿಳಿದಿರಲಿ: ಹೆಚ್ಚಿನ ಸೌನಾಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೆ, ಮೈಮೇಲೆ ಬಟ್ಟೆಯಿಲ್ಲದೆ. ಈಜುಡುಗೆ ತೊಟ್ಟು ಹೋದವರನ್ನೇ ಹೊರಗೆ ಕಳಿಸುತ್ತಾರೆ. ಇದರಲ್ಲಿ ಅಸಭ್ಯವಾದುದು ಅವರಿಗೆ ಏನೂ ಕಾಣುವುದಿಲ್ಲ. ನನಗೆ ಇನ್ನೂ ಧೈರ್ಯ ಬಂದಿಲ್ಲ.

ಕಾಯಿಲೆ ಬಿದ್ದಾಗ

ಜೀವಕ್ಕೆ ಅಪಾಯವಿದ್ದರೆ 112. ಪೊಲೀಸರಿಗೆ 110. ರಾತ್ರಿ ಜ್ವರ ಬಂದಿದೆ, ಬೆಳಗಾಗುವವರೆಗೆ ಕಾಯಲಾರೆ ಎನ್ನುವಂಥದ್ದಕ್ಕೆ 116117. ಶೀತ, ಗಂಟಲುನೋವಿಗೆ ವೈದ್ಯರಲ್ಲಿ ಹೋದರೆ ಗಿಡಮೂಲಿಕೆಯ ಟೀ ಕುಡಿದು ಮಲಗಿ ಎನ್ನುತ್ತಾರೆ. ಇಂಜೆಕ್ಷನ್ ಕೊಡಲಿಲ್ಲವೆಂದು ಬೇಸರಿಸಬೇಡಿ, ಅದೇ ಅವರ ಚಿಕಿತ್ಸೆ. ಮಾತ್ರೆಗಳು ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತವೆ, ಪ್ರತಿ ರಾತ್ರಿ ಸರದಿಯ ಮೇಲೆ ಒಂದು ಅಂಗಡಿ ತೆರೆದಿರುತ್ತದೆ, ಯಾವುದೆಂದು ಮುಚ್ಚಿದ ಅಂಗಡಿಯ ಬಾಗಿಲಲ್ಲಿ ಬರೆದಿರುತ್ತದೆ. ಜ್ವರವಿದ್ದೂ ಕಚೇರಿಗೆ ಬಂದು ಕೆಮ್ಮಿದರೆ ಮೆಚ್ಚುವವರಿಲ್ಲ, ಮನೆಗೆ ಕಳಿಸುತ್ತಾರೆ.

ಮತ್ತೆ ಭಾನುವಾರ

ಅಂಗಡಿಯಿಲ್ಲ, ಮಿಕ್ಸಿಯಿಲ್ಲ, ಮೊಳೆ ಹೊಡೆಯುವಂತಿಲ್ಲ. ಹಾಗಾದರೆ ಮಾಡುವುದೇನು? ಜರ್ಮನರು ನಡೆಯುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಕಾಡಿನ ಹಾದಿಗಳಲ್ಲಿ ಮಕ್ಕಳು ಮುದುಕರೆನ್ನದೆ ಮನೆಮಂದಿಯೆಲ್ಲ ನಡೆಯುತ್ತಿರುತ್ತಾರೆ.

ಸ್ಟುಟ್‌ಗಾರ್ಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇನ್ನೊಂದು ದಾರಿಯೂ ಇದೆ. ತಿಂಗಳ ಪಾಸಿನಲ್ಲೇ ಟ್ಯೂಬಿಂಗನ್‌ಗೆ ಪ್ರಾದೇಶಿಕ ರೈಲು ಹತ್ತಿ, ಸುಮಾರು ಒಂದು ಗಂಟೆಯ ದಾರಿ. ರೈಲು ಎಸ್ಲಿಂಗನ್ ಮೂಲಕ ಹಾದುಹೋಗುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಈ ನಾಡಿನವರೇ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗನ್‌ನಲ್ಲಿ. ನಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಉತ್ತರದ ಕಡಲತೀರದ ಸೀಮೆಯಲ್ಲಾದರೂ ಕೊನೆಗಾಲ ಕಳೆದದ್ದು ಟ್ಯೂಬಿಂಗನ್‌ನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ಅಲ್ಲೇ ತೀರಿಕೊಂಡರು. ನೆಕಾರ್ ನದಿಯ ದಂಡೆಯಲ್ಲಿ ಕೂತು, ಇಲ್ಲಿಂದ ಹೊರಟವರು ಧಾರವಾಡ, ಮಂಗಳೂರಿನ ಬೀದಿಗಳಲ್ಲಿ ನಮ್ಮ ‘ನೀವು-ನೀನು’ಗಳನ್ನು ಕಲಿಯಲು ಎಷ್ಟು ಎಡವಿರಬೇಕು, ಅವರನ್ನು ಯಾವ ಅಜ್ಜಿ ತಿದ್ದಿರಬೇಕು ಎಂದು ಯೋಚಿಸುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬುತ್ತಿ ಕಟ್ಟಿಕೊಂಡು ಹೋಗಿ. ಪುಳಿಯೋಗರೆಯಾದರೆ ತಣ್ಣಗಾದರೂ ಕೆಡುವುದಿಲ್ಲ. ಗೊಜ್ಜು ಮಾತ್ರ ಶನಿವಾರವೇ ರುಬ್ಬಿಟ್ಟಿರಿ.